ಟ್ರಾವೆಲ್‌ಗೆ ಎಸ್ಪ್ರೆಸೊ ಕಿಟ್ ತಗೋತಿದ್ದೀರಾ? ಮೆಷಿನ್ ಕೊನೆಗೆ ನೋಡಿ

ಮೊದಲ್ನೇ ಸಲ ಪೋರ್ಟಬಲ್ ಎಸ್ಪ್ರೆಸೊ ಮೇಕರ್ ತಗೊಳ್ಳೋಕೆ ಮುಂಚೆ ನಾನು ಮೂರು ವಾರ ಬರೀ ಮೆಷಿನ್ ವಿಡಿಯೋಗಳನ್ನೇ ನೋಡಿದ್ದೆ, ಯಾವ್ದು ಎಷ್ಟು ಬಾರ್ (ಒತ್ತಡದ ಅಳತೆ), ಯಾವ್ದರಲ್ಲಿ ಕ್ರೀಮಾ (ಮೇಲೆ ಕೂರೋ ಹೊಂಬಣ್ಣದ ನೊರೆ) ದಪ್ಪ ಬರುತ್ತೆ, ಯಾವ್ದು ಕೈಯಲ್ಲಿ ಚೆನ್ನಾಗಿ ಕೂರುತ್ತೆ, ಇಷ್ಟೇ ತಲೇಲಿ ಓಡ್ತಿದ್ದಿದ್ದು. ಕೊನೆಗೂ ಒಂದು ತಗೊಂಡು ಬೆಟ್ಟದ ಮೇಲಿನ ಒಂದು ಕ್ಯಾಂಪಿಗೆ ಹೋದೆ. ಬೆಳಗ್ಗೆ ಐದು ಗಂಟೆ, ಹಲ್ಲು ಕಟಕಟ ಅನ್ನೋ ಚಳಿ, ರಾತ್ರಿ ಫ್ಲಾಸ್ಕಿಗೆ ತುಂಬಿಟ್ಟಿದ್ದ ನೀರು ಹಾಕಿ, ಹತ್ತು ದಿನ ಹಿಂದೆ ಬೀಸಿಟ್ಟಿದ್ದ ಪುಡಿ ತುಂಬಿ, ಜೊತೇಲಿದ್ದೋರೆಲ್ಲ ಸುತ್ತ ನಿಂತು ನೋಡ್ತಿರೋವಾಗ ಪಂಪ್ ಮಾಡ್ದೆ. ಬಂದಿದ್ದು ಕಂದು ಬಣ್ಣದ ನೀರು. ಮುಖ ಕಿವುಚೋ ಅಷ್ಟು ಹುಳಿ. ಒಬ್ಬರು ಏನೂ ಹೇಳ್ದೆ ಕಪ್ಪನ್ನ ವಾಪಸ್ ಕೈಗೆ ಕೊಟ್ರು, ಅದೇ ಜಾಸ್ತಿ ಬೇಜಾರಾಗಿದ್ದು.

ಮೆಷಿನ್ ತಪ್ಪು ಒಂಚೂರೂ ಇರ್ಲಿಲ್ಲ. ನೀರು ಆರಿತ್ತು, ಪುಡಿ ಹಳೇದಾಗಿತ್ತು, ಸಾಲದ್ದಕ್ಕೆ ತರಿತರಿ ಇತ್ತು. ಅದಾದ್ಮೇಲೆ ನಾಲ್ಕೈದು ಸೆಟ್ ಬದಲಾಯಿಸಿದೀನಿ, ಸ್ನೇಹಿತರಿಗೂ ಆರಿಸಿ ಕೊಟ್ಟಿದೀನಿ, ಈಗ ಯಾರಾದ್ರೂ ಕೇಳಿದ್ರೆ ಒಂದೇ ಹೇಳೋದು: ಮೊದಲು ಬಿಸಿನೀರು ಎಲ್ಲಿಂದ ಬರುತ್ತೆ ನೋಡಿ, ಆಮೇಲೆ ಗ್ರೈಂಡರ್, ಮೆಷಿನ್ ಕೊನೆಗೆ. ಅದೇ ಆರ್ಡರಲ್ಲಿ ಇಲ್ಲಿ ಬರೀತಾ ಹೋಗ್ತೀನಿ.

ಹೆಜ್ಜೆ 1: ನಿಮಗೆ ನಿಜವಾಗ್ಲೂ ಎಸ್ಪ್ರೆಸೊನೇ ಬೇಕಾ?

ಎಸ್ಪ್ರೆಸೊ ಅಂದ್ರೆ ಸುಮಾರು 9 ಬಾರ್ ಒತ್ತಡ, 90ರಿಂದ 96 ಡಿಗ್ರಿ ಸೆಲ್ಸಿಯಸ್ ನೀರು, 18 ಗ್ರಾಂ ಪುಡಿ ಹಾಕಿದ್ರೆ 36 ಗ್ರಾಂ ಆಸುಪಾಸು ಡಿಕಾಕ್ಷನ್, ಅದೂ 25-30 ಸೆಕೆಂಡಲ್ಲಿ. ಈ ಲೆಕ್ಕ ಕಲ್ಲಲ್ಲಿ ಕೊರೆದಿಟ್ಟಿದ್ದೇನಲ್ಲ, ಆದ್ರೆ ಅಳತೆಗೋಲು ಇದೇ.

ನೀವು ಹಾಲು ಹಾಕ್ಕೊಂಡು ದೊಡ್ಡ ಮಗ್‌ನಲ್ಲಿ ಕುಡಿಯೋರಾದ್ರೆ, ಸ್ಟ್ರಾಂಗ್ ಆಗಿದ್ರೆ ಸಾಕು ಅನ್ನೋರಾದ್ರೆ, ಮೋಕಾ ಪಾಟ್ ಅಥವಾ ಏರೋಪ್ರೆಸ್ ಸಾಕು, ಇಲ್ಲೇ ಓದೋದು ನಿಲ್ಲಿಸಿ ದುಡ್ಡು ಉಳಿಸ್ಕೊಳ್ಳಿ. ಮೋಕಾ ಪಾಟ್ 1933ರಿಂದ ಇದೆ, ಸ್ಟವ್ ಮೇಲಿಟ್ರೆ ಆವಿ ಒತ್ತಡಕ್ಕೆ ನೀರು ಮೇಲೆ ಬರುತ್ತೆ, ಆ ಒತ್ತಡ 1-2 ಬಾರ್ ಅಷ್ಟೇ. ಏರೋಪ್ರೆಸ್‌ನ ಆಲನ್ ಆಡ್ಲರ್ 2005ರಲ್ಲಿ ತಂದ್ರು, ಪ್ಲಾಸ್ಟಿಕ್, ಹಗುರ, ತೊಳೆಯೋಕೆ ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಆದ್ರೆ ಅದರಲ್ಲಿ ಎಸ್ಪ್ರೆಸೊ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ತೋರಿಸಿ. ಕೊಳವೆ ವ್ಯಾಸ ಸುಮಾರು 6 ಸೆಂ.ಮೀ., ಅಂದ್ರೆ ವಿಸ್ತೀರ್ಣ 28 ಚದರ ಸೆಂ.ಮೀ. 9 ಬಾರ್ ಬರಿಸ್ಬೇಕಂದ್ರೆ ಅದರ ಮೇಲೆ ಹತ್ರತ್ರ 260 ಕೆಜಿ ಭಾರ ಹಾಕ್ಬೇಕು! ನಾವು ಮೈಭಾರ ಬಿಟ್ಟು ಒತ್ತಿದ್ರೂ 20 ಕೆಜಿ ಹಾಕ್ತೀವಿ ಅಂದ್ಕೊಳ್ಳಿ, 0.7 ಬಾರ್ ಆಗುತ್ತೆ. ಕಾಫಿ ಚೆನ್ನಾಗಿರುತ್ತೆ, ಎಸ್ಪ್ರೆಸೊ ಆಗಿರಲ್ಲ, ಅಷ್ಟೇ.

ಇಲ್ಲ, ನನಗೆ ಆ ಚಿಕ್ಕ ಕಪ್ಪೇ ಬೇಕು, ದಪ್ಪಗೆ ಎಣ್ಣೆ ಥರ ಇಳೀಬೇಕು ಅನ್ನೋರು ಮುಂದೆ ಓದಿ.

ಹೆಜ್ಜೆ 2: ಬಿಸಿನೀರು

ಎಲ್ರೂ ಹಾರಿಸಿಬಿಡೋ ಹೆಜ್ಜೆ ಇದು. ನೀವು ಹೋಗೋ ಕಡೆ ಬಿಸಿನೀರು ಹೇಗೆ ಸಿಗುತ್ತೆ ಅಂತ ಒಂದು ಚೀಟೀಲಿ ಬರ್ಕೊಳ್ಳಿ. ಹೋಟೆಲ್ ರೂಮಲ್ಲಿ ಕೆಟಲ್ ಇರುತ್ತಾ? ಕಾರಲ್ಲಿ ಓಡಾಡೋದಾ? ಟ್ರೆಕ್ಕಿಂಗ್, ಚಿಕ್ಕ ಸ್ಟವ್ ಇರುತ್ತಾ? ಇಲ್ಲ ರೈಲಲ್ಲಿ ಕೂತು ಫ್ಲಾಸ್ಕ್ ನೀರಲ್ಲೇ ಮಾಡ್ಬೇಕಾ?

ಕೆಟಲ್ ಇದ್ರೆ ಅರ್ಧ ತಲೆನೋವು ಕಳೀತು. ಸ್ವಂತ ಟ್ರಾವೆಲ್ ಕೆಟಲ್ ತಗೊಂಡು ಬೇರೆ ದೇಶಕ್ಕೆ ಹೋಗೋರು ವೋಲ್ಟೇಜ್ ನೋಡ್ಲೇಬೇಕು. 230 ವೋಲ್ಟಿಗೆ ಮಾಡಿರೋ 1000 ವ್ಯಾಟ್ ಕೆಟಲ್‌ನ 115 ವೋಲ್ಟ್ ಸಾಕೆಟ್ಟಿಗೆ ಹಾಕಿದ್ರೆ ಅರ್ಧ ಪವರ್ ಬರುತ್ತೆ ಅಂದ್ಕೋತೀವಿ, ಅಲ್ಲ, ಕಾಲು ಭಾಗ ಅಷ್ಟೇ, 250 ವ್ಯಾಟ್. ನೀರು ಕಾಯೋಕೆ ಕಾದು ಕಾದು ಸಾಕಾಗುತ್ತೆ. ಉಲ್ಟಾ ಮಾಡಿದ್ರೆ, ಅಂದ್ರೆ ಕಮ್ಮಿ ವೋಲ್ಟೇಜಿನ ಕೆಟಲ್‌ನ ಜಾಸ್ತಿ ವೋಲ್ಟೇಜಿಗೆ ಹಾಕಿದ್ರೆ, ಸುಟ್ಟೇ ಹೋಗುತ್ತೆ. ಪ್ಲಗ್ ಅಡಾಪ್ಟರ್ ಪಿನ್ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಬದಲಾಯಿಸಲ್ಲ. ಡ್ಯುಯಲ್ ವೋಲ್ಟೇಜ್ ಅಂತ ತಳದಲ್ಲಿ ಬರೆದಿರೋದನ್ನ ನೋಡಿ ತಗೊಳ್ಳಿ.

ಫ್ಲಾಸ್ಕ್ ನಂಬ್ಕೊಂಡ್ರೆ ಮೊದಲು ಫ್ಲಾಸ್ಕಿಗೇ ಕುದಿಯೋ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಮತ್ತೆ ಕುದಿಯೋ ನೀರು ತುಂಬಿ, ಕಂಠದವರೆಗೂ ತುಂಬಿ. ಅರ್ಧ ಫ್ಲಾಸ್ಕ್ ನೀರು ಬೇಗ ಆರುತ್ತೆ. ಎರಡು ಮೂರು ಗಂಟೆ ಒಳಗೆ ಮಾಡ್ಕೊಳ್ಳೋ ಪ್ಲಾನ್ ಇಟ್ಕೊಳ್ಳಿ, ರಾತ್ರಿ ತುಂಬಿ ಬೆಳಗ್ಗೆ ಎಸ್ಪ್ರೆಸೊ ಅನ್ನೋದು ನನ್ನ ಬೆಟ್ಟದ ಕಥೆನೇ ಆಗುತ್ತೆ.

ಇನ್ನು ಎತ್ತರ. ಸುಮಾರು 300 ಮೀಟರ್ ಮೇಲೇರಿದ ಹಾಗೆ ನೀರು ಕುದಿಯೋ ಬಿಂದು ಒಂದೊಂದು ಡಿಗ್ರಿ ಇಳಿಯುತ್ತೆ. 3000 ಮೀಟರಲ್ಲಿ ನೀರು 90 ಡಿಗ್ರಿ ಹತ್ರಾನೇ ಕುದ್ದುಬಿಡುತ್ತೆ, ಅದಕ್ಕಿಂತ ಬಿಸಿ ಏನು ಮಾಡಿದ್ರೂ ಆಗಲ್ಲ. ಅಲ್ಲಿಗೆ ಹೋಗೋರು ಲೈಟ್ ರೋಸ್ಟ್ (ಕಮ್ಮಿ ಹುರಿದ) ಬೀಜ ಮನೇಲೇ ಬಿಟ್ಟು ಹೋಗಿ. ಮೀಡಿಯಂ ಅಥವಾ ಡಾರ್ಕ್ ರೋಸ್ಟ್ ಕಮ್ಮಿ ಬಿಸೀಲೂ ರುಚಿ ಬಿಟ್ಕೊಡುತ್ತೆ.

ಈಗ ಇನ್ನೊಂದು ವಿಷಯ, ಇದು ನನಗೆ ಅರ್ಥ ಆಗೋಕೆ ತುಂಬಾ ದಿನ ಹಿಡೀತು. ನೀರು ಎಷ್ಟು ಬಿಸಿ ಇದ್ರೂ ಮೆಷಿನ್ ತಣ್ಣಗಿದ್ರೆ ಆಟ ಮುಗೀತು. 80 ಎಂಎಲ್ ನೀರು 95 ಡಿಗ್ರಿ ಇದೆ, ಅದನ್ನ 15 ಡಿಗ್ರಿಯಲ್ಲಿರೋ 300 ಗ್ರಾಂ ಸ್ಟೀಲಿಗೆ ಹಾಕಿದ್ರಿ ಅಂದ್ಕೊಳ್ಳಿ. ಎರಡೂ ಸಮ ಆಗೋವರೆಗೆ ಬಿಟ್ರೆ 70 ಡಿಗ್ರಿಗೆ ಬಂದು ನಿಲ್ಲುತ್ತೆ. ಶಾಟ್ (ಒಂದು ಸಲ ಇಳಿಸೋ ಎಸ್ಪ್ರೆಸೊ) ಬೇಗ ಮುಗಿಯೋದ್ರಿಂದ ಅಷ್ಟೂ ಇಳಿಯಲ್ಲ ನಿಜ, ಆದ್ರೆ ಗಣನೀಯವಾಗಿ ಇಳಿಯುತ್ತೆ. ಹಾಗಾಗಿ ಮೆಟಲ್ ಜಾಸ್ತಿ ಇರೋ ಮೆಷಿನ್ ತಗೊಂಡ್ರೆ ಒಂದು ಸಲ, ಚಳೀಲಿ ಎರಡು ಸಲ, ಪುಡಿ ಹಾಕ್ದೆ ಬಿಸಿನೀರು ಹಾಯಿಸಿ ಬಿಸಿ ಮಾಡ್ಕೊಂಡೇ ಶುರು ಮಾಡ್ಬೇಕು, ಅಂದ್ರೆ ಒಂದು ಕಪ್ಪಿಗೆ 200 ಎಂಎಲ್ ಮೇಲೆ ಬಿಸಿನೀರು ಬೇಕು. ಕೆಟಲ್ ಇರೋನಿಗೆ ಇದೇನೂ ಲೆಕ್ಕಕ್ಕಿಲ್ಲ. ಅರ್ಧ ಲೀಟರ್ ಫ್ಲಾಸ್ಕ್ ಹೊತ್ಕೊಂಡು ಹೋಗೋನಿಗೆ ಎರಡು ಕಪ್ಪಿಗೇ ನೀರು ಖಾಲಿ.

ಹೆಜ್ಜೆ 3: ಗ್ರೈಂಡರ್ (ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೇ ಹೋಗ್ಬೇಕು)

ಬೇಜಾರು ಮಾಡ್ಕೋಬೇಡಿ, ಆದ್ರೆ ಮೆಷಿನ್ನಿಗಿಂತ ಗ್ರೈಂಡರಿಗೆ ಜಾಸ್ತಿ ಖರ್ಚು ಮಾಡಿ. ಎಸ್ಪ್ರೆಸೊದಲ್ಲಿ ನೀರನ್ನ ತಡೆದು ನಿಲ್ಲಿಸೋದು ಪುಡಿಯ ಬಿಲ್ಲೆ. ಪಂಪ್ ಎಷ್ಟೇ ಜೋರಿದ್ರೂ ಪುಡಿ ತರಿತರಿ ಇದ್ರೆ ನೀರು ಸರ್ರನೆ ಇಳಿದುಹೋಗುತ್ತೆ, ತಡೆಯೇ ಇಲ್ದೆ ಒತ್ತಡ ಎಲ್ಲಿಂದ ಬರ್ಬೇಕು? ತೀರಾ ನುಣ್ಣಗಾದ್ರೆ ಒಂದು ಹನಿನೂ ಇಳಿಯಲ್ಲ, ಹ್ಯಾಂಡಲ್ ಕಲ್ಲು ಥರ ನಿಂತುಬಿಡುತ್ತೆ.

ಹ್ಯಾಂಡ್ ಗ್ರೈಂಡರ್ ನೋಡೋವಾಗ ಒಂದು ಪ್ರಶ್ನೆ ಮೊದಲು ಕೇಳಿ: ಒಂದು ಕ್ಲಿಕ್ಕಿಗೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಬದಲಾಗುತ್ತೆ? ಅಂದ್ರೆ ಅಡ್ಜಸ್ಟ್‌ಮೆಂಟ್ ರಿಂಗ್ ಒಂದು ಸಲ ಟಕ್ ಅಂದ್ರೆ ಒಳಗಿನ ಬರ್ (ಬೀಜ ಬೀಸೋ ಹಲ್ಲಿನ ಭಾಗ) ಎಷ್ಟು ಮೇಲೆ ಕೆಳಗೆ ಸರಿಯುತ್ತೆ ಅಂತ. ಕಮಾಂಡಾಂಟೆ ಸಿ40 ಒಳ್ಳೇ ಗ್ರೈಂಡರ್, ಹೆಸರಿದೆ, ಆದ್ರೆ ಮಾಮೂಲಿ ಸೆಟಪ್ಪಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 30 ಮೈಕ್ರಾನ್. ಫಿಲ್ಟರ್ ಪೇಪರ್ ಕಾಫಿಗೆ ಅದು ಸಾಕು. ಎಸ್ಪ್ರೆಸೊಗೆ ಹಾಕಿದ್ರೆ ಒಂದು ಕ್ಲಿಕ್ಕಲ್ಲಿ 20 ಸೆಕೆಂಡಿಗೆ ಓಡುತ್ತೆ, ಮುಂದಿನ ಕ್ಲಿಕ್ಕಲ್ಲಿ 35 ಸೆಕೆಂಡಾದ್ರೂ ತೊಟ್ಟಿಕ್ಕುತ್ತಾನೇ ಇರುತ್ತೆ, ನಡುವೆ ನಿಲ್ಲೋಕೆ ಜಾಗ ಇಲ್ಲ. ಅದಕ್ಕೇ ರೆಡ್ ಕ್ಲಿಕ್ಸ್ ಅಂತ ಬೇರೆ ಪಾರ್ಟ್ ಬರುತ್ತೆ, ಅದು ಆ ಅಂತರಾನ ಅರ್ಧಕ್ಕಿಳಿಸುತ್ತೆ. ಕಿನ್‌ಗ್ರೈಂಡರ್ ಕೆ6 ಒಂದು ಕ್ಲಿಕ್ಕಿಗೆ 16 ಮೈಕ್ರಾನ್, ಒನ್‌ಝೆಡ್‌ಪ್ರೆಸ್ಸೊ ಜೆ-ಅಲ್ಟ್ರಾ 8 ಮೈಕ್ರಾನ್. ನನ್ನ ಅನುಭವದಲ್ಲಿ 20 ಮೈಕ್ರಾನಿಗಿಂತ ಕೆಳಗಿದ್ರೆ ಪ್ರಯಾಣದಲ್ಲಿ ಒದ್ದಾಡೋದು ತಪ್ಪುತ್ತೆ.

ಬ್ಲೇಡ್ ಗ್ರೈಂಡರ್ ಬೇಡವೇ ಬೇಡ, ಅದು ಬೀಸಲ್ಲ, ಕೊಚ್ಚುತ್ತೆ. ಬರ್ ಸ್ಟೀಲ್ ಇರ್ಲಿ, ಎರಡೂ ಕಡೆ ಬೇರಿಂಗ್ ಇರ್ಲಿ. ಅಂಗಡೀಲಿ ಕೈಗೆ ಸಿಕ್ಕಿದ್ರೆ ಹ್ಯಾಂಡಲ್ ಕಚ್ಚೋ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ, ಗಡಗಡ ಅಂದ್ರೆ ಕೆಳಗಿಟ್ಟು ಬನ್ನಿ. ಸಣ್ಣದಾಗ್ಬೇಕಂದ್ರೆ ಒನ್‌ಝೆಡ್‌ಪ್ರೆಸ್ಸೊ ಕ್ಯೂ ಸೀರೀಸ್ ಥರದ್ದು ಕೈ ಮುಷ್ಟಿಗೆ ಸಿಗುತ್ತೆ, ಆದ್ರೆ ಬರ್ ಚಿಕ್ಕದಾದಷ್ಟೂ ತಿರುಗಿಸೋ ಹೊತ್ತು ಜಾಸ್ತಿ. 18 ಗ್ರಾಂ ಬೀಜ ಎಸ್ಪ್ರೆಸೊಗೆ ಬೀಸೋದು ದೊಡ್ಡ ಬರ್‌ನಲ್ಲಿ ಮುಕ್ಕಾಲು ನಿಮಿಷದ ಕೆಲಸ, ಚಿಕ್ಕದ್ರಲ್ಲಿ ಎರಡು ನಿಮಿಷ, ಬೀಜ ಲೈಟ್ ರೋಸ್ಟ್ ಆಗಿದ್ರೆ ತೋಳಿಗೆ ವ್ಯಾಯಾಮ ಫ್ರೀ.

ಗ್ರೈಂಡರ್ ಹೊತ್ಕೊಂಡು ಹೋಗೋಕೆ ಆಗಲ್ವಾ? ಆಯ್ತು, ಅದಕ್ಕೂ ದಾರಿ ಇದೆ, ಆದ್ರೆ ಆಗ ಮೆಷಿನ್ ಆಯ್ಕೆಯೇ ಬೇರೆ ಆಗುತ್ತೆ. ಅದಕ್ಕೇ ನಾನು ಇದನ್ನ ಮೆಷಿನ್ನಿಗಿಂತ ಮುಂಚೆ ಇಟ್ಟಿದ್ದು.

ಹೆಜ್ಜೆ 4: ಈಗ ಮೆಷಿನ್

ಕೈಯಲ್ಲಿ ಒತ್ತೋದು ಅಂದ್ರೆ ಎರಡನೇ ದರ್ಜೆ ಅನ್ನೋ ಭಾವನೆ ಇದ್ರೆ ಬಿಟ್ಬಿಡಿ. ಕ್ರೀಮಾ ಇರೋ ಎಸ್ಪ್ರೆಸೊ ಹುಟ್ಟಿದ್ದೇ ಕೈ ಲಿವರಿಂದ. ಇಟಲಿಯ ಅಕಿಲೆ ಗಾಜ್ಜಿಯಾ 1938ರಲ್ಲಿ ಪೇಟೆಂಟಿಗೆ ಹಾಕಿದ್ರು, ಯುದ್ಧ ಆದ್ಮೇಲೆ ಸ್ಪ್ರಿಂಗ್ ಲಿವರ್ ಮೆಷಿನ್ ಬಂತು. ಎಲೆಕ್ಟ್ರಿಕ್ ಪಂಪಿನ ಫಾಯೆಮಾ ಇ61 ಬಂದಿದ್ದು 1961ರಲ್ಲಿ. ಅಲ್ಲಿವರೆಗೆ ಕೆಫೆಗಳಲ್ಲೂ ಈ ಥರದ ಎಸ್ಪ್ರೆಸೊನ ಜನ ಹೆಚ್ಚಾಗಿ ಲಿವರ್ ಎಳೆದೇ ಮಾಡಿದ್ದು.

ಮೊದಲ್ನೇ ಜಾತಿ ಕೈ ಪಂಪ್. ವಕಾಕೋ ಕಂಪನಿಯ ನ್ಯಾನೋಪ್ರೆಸ್ಸೊ, ಪಿಕೋಪ್ರೆಸ್ಸೊ ಈ ಸಾಲಿನವು, ಸ್ಟಾರೆಸ್ಸೊ ಕೂಡ ಇದೇ ಗುಂಪು. ಒಳಗೆ ಸಣ್ಣ ಪಿಸ್ಟನ್ ಇರುತ್ತೆ, ಸಣ್ಣದಾಗಿರೋದೇ ಅದರ ಗುಟ್ಟು. 1 ಸೆಂ.ಮೀ. ವ್ಯಾಸದ ಪಿಸ್ಟನ್ ಅಂದ್ಕೊಳ್ಳಿ, 9 ಬಾರ್ ಒತ್ತಡಕ್ಕೆ ಬರೀ 7 ಕೆಜಿ ಒತ್ತಿದ್ರೆ ಸಾಕು, ಯಾರ ಕೈಯಲ್ಲಾದ್ರೂ ಆಗುತ್ತೆ. ಅದಕ್ಕೆ ತೆರೋ ಬೆಲೆ ಏನಪ್ಪಾ ಅಂದ್ರೆ ಒಂದೊಂದು ಸಲ ಒತ್ತಿದಾಗ ಒಂದೂವರೆ ಎಂಎಲ್ ಅಷ್ಟೇ ಹೋಗೋದು, ಹಾಗಾಗಿ ಒಂದು ಶಾಟಿಗೆ ಇಪ್ಪತ್ತು ಮೂವತ್ತು ಸಲ ಪಂಪ್ ಮಾಡ್ಬೇಕು. ಬಾಕ್ಸ್ ಮೇಲೆ 18 ಬಾರ್ ಅಂತ ಬರೆದಿರುತ್ತೆ, ಅದು ಪಂಪ್ ಗರಿಷ್ಠ ಎಷ್ಟು ತಡಕೊಂಡು ಕೊಡಬಲ್ಲದು ಅನ್ನೋ ಲೆಕ್ಕ, ನಿಮ್ಮ ಕಪ್ಪಿಗೆ ಅಷ್ಟು ಬರುತ್ತೆ ಅಂತಲ್ಲ, ಬರೋದೂ ಬೇಡ. 18 ಬಾರ್ ಅಂದ್ರೆ 9 ಬಾರ್‌ಗಿಂತ ಎರಡರಷ್ಟು ರುಚಿ ಏನಲ್ಲ. ಬಾರ್ ನಂಬರ್ ನೋಡಿ ಮೆಷಿನ್ ತಗೋಬೇಡಿ.

ನ್ಯಾನೋಪ್ರೆಸ್ಸೊ ಮತ್ತು ಪಿಕೋಪ್ರೆಸ್ಸೊ ನೋಡೋಕೆ ಅಣ್ಣತಮ್ಮ ಇದ್ದಂಗೆ, ಸ್ವಭಾವ ಪೂರ್ತಿ ಬೇರೆ. ನ್ಯಾನೋ ಬಾಸ್ಕೆಟ್ (ಪುಡಿ ತುಂಬೋ ಬಟ್ಟಲು) 8 ಗ್ರಾಂ, ಅದರಲ್ಲಿ ಒತ್ತಡ ಕಟ್ಟೋಕೆ ಮೆಷಿನ್ನೇ ಸಹಾಯ ಮಾಡುತ್ತೆ, ಹಾಗಾಗಿ ಪುಡಿ ಸ್ವಲ್ಪ ಆಚೀಚೆ ಇದ್ರೂ ಕುಡಿಯೋ ಹಾಗಿರೋದು ಬರುತ್ತೆ. ಗ್ರೈಂಡರ್ ಇಲ್ದೆ ರೆಡಿ ಪುಡಿ ತಗೊಂಡು ಹೋಗೋರಿಗೆ ಇದೇ ದಾರಿ. ಪಿಕೋ ಬಾಸ್ಕೆಟ್ 52 ಮಿ.ಮೀ., 18 ಗ್ರಾಂ ಹಿಡಿಯುತ್ತೆ, ಯಾವ ಸಹಾಯಾನೂ ಇಲ್ಲ, ಕೆಳಗೆ ಬರೀ ತೂತಿನ ತಟ್ಟೆ. ಗ್ರೈಂಡ್ ಸರಿ ಇದ್ರೆ ಕೆಫೆ ಮೆಷಿನ್ನಿಗೆ ಸರಿಸಮ ಅನ್ನೋ ಶಾಟ್ ಕೊಡುತ್ತೆ, ಸರಿ ಇಲ್ದಿದ್ರೆ ಪಕ್ಕಕ್ಕೆ ಚಿಮ್ಮಿ ಶರ್ಟ್ ಹಾಳು ಮಾಡುತ್ತೆ. ಸುಮ್ನೆ ಹೇಳ್ತಿಲ್ಲ, ಬಿಳಿ ಶರ್ಟ್ ಹಾಕ್ಕೊಂಡು ಮೀಟಿಂಗಿಗೆ ಹೊರಟಿದ್ದ ಬೆಳಗ್ಗೆ ಅದು ನನಗೆ ಆಗಿದೆ.

ಎರಡನೇದು ಲಿವರ್. ಫ್ಲೇರ್ ಇದರಲ್ಲಿ ಗೊತ್ತಿರೋ ಹೆಸರು. ಸ್ಟ್ಯಾಂಡು, ಲಿವರು, ನೀರಿನ ಸಿಲಿಂಡರ್, ಎಲ್ಲ ಬಿಚ್ಚಿ ಕೇಸಲ್ಲಿ ಇಟ್ಕೋಬಹುದು. ಇಲ್ಲಿ ಪಿಸ್ಟನ್ ದೊಡ್ಡದು, ಒಂದೇ ಸಲ ಕೆಳಗಿಳಿಯುತ್ತೆ, ಉದ್ದ ಲಿವರ್ ನಮ್ಮ ಶಕ್ತಿಯನ್ನ ಹೆಚ್ಚಿಸುತ್ತೆ. ಪಂಪ್ ಥರ ಬಿಟ್ಟು ಬಿಟ್ಟು ಅಲ್ಲ, ಒಂದೇ ಧಾರೆ. ಒತ್ತಡ ತೋರಿಸೋ ಗೇಜ್ ಇರೋ ಮಾಡೆಲ್ ಆದ್ರೆ ಮುಳ್ಳು 3 ಬಾರ್ ಹತ್ರ ಹತ್ತು ಸೆಕೆಂಡ್ ನಿಲ್ಲಿಸಿ, ಪುಡಿ ನೆನೆದ್ಮೇಲೆ 9ಕ್ಕೆ ಏರಿಸಿ, ಕೊನೇಲಿ ನಿಧಾನಕ್ಕೆ 6ಕ್ಕೆ ಇಳಿಸಿ, ಹೀಗೆ ಕೈಯಲ್ಲೇ ಆಟ ಆಡಬಹುದು, ಆ ಖುಷಿಯೇ ಬೇರೆ. ಆದ್ರೆ ಎರಡು ಕೆಜಿ ಮೇಲೆ ತೂಕ, ಇಡೋಕೆ ಗಟ್ಟಿ ಮೇಜು ಬೇಕು, ಅಲ್ಲಾಡೋ ಪ್ಲಾಸ್ಟಿಕ್ ಟೇಬಲ್ ಮೇಲೆ ಒತ್ತಿದ್ರೆ ಟೇಬಲ್ ಸಮೇತ ಬೀಳ್ತೀರಾ. ಕೆಫೆಲಾಟ್ ರೋಬೋಟ್ ಕೂಡ ಇದೇ ಥರ, ಎರಡು ಕೈ ಕೆಳಗೆ ಒತ್ತೋದು, ಗಟ್ಟಿಮುಟ್ಟು, ಒಳಗೆ ಪ್ಲಾಸ್ಟಿಕ್ ತಂಟೆ ಇಲ್ಲ. ಕಾರ್ ಡಿಕ್ಕೀಲಿ ಹಾಕ್ಕೊಂಡು ಹೋಗಿ ಒಂದೇ ಕಡೆ ವಾರ ಇರೋರಿಗೆ ಲಿವರ್, ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಊರೂರು ತಿರುಗೋರಿಗೆ ಪಂಪ್, ನಾನು ಇಷ್ಟೇ ನೋಡೋದು.

ಸ್ಟವ್ ಮೇಲೆ ಇಡೋ 9ಬರಿಸ್ಟಾ ಅಂತ ಇನ್ನೊಂದಿದೆ, ಕರೆಂಟಿಲ್ಲದೆ ಬರೀ ಆವಿ ಒತ್ತಡದಲ್ಲೇ 9 ಬಾರ್ ಕೊಡುತ್ತೆ, ಎಂಜಿನಿಯರಿಂಗ್ ನೋಡಿದ್ರೆ ಮೂಗಿನ ಮೇಲೆ ಬೆರಳಿಡ್ತೀರಾ. ಭಾರ ಇದೆ, ದುಬಾರಿ ಇದೆ, ಪ್ರತಿ ಶಾಟ್ ಆದ್ಮೇಲೆ ತಣ್ಣಗಾಗೋಕೆ ಬಿಟ್ಟು ಮತ್ತೆ ಶುರು ಮಾಡ್ಬೇಕು, ನಾಲ್ಕು ಜನ ಕಾಯ್ತಾ ಕೂತಿದ್ರೆ ಕಷ್ಟ.

ಮೂರನೇದು ಬ್ಯಾಟರಿ ಮೆಷಿನ್. ಔಟಿನ್ ನ್ಯಾನೋ ಥರದ್ದು, ತಣ್ಣೀರು ಹಾಕಿದ್ರೆ ತಾನೇ ಕಾಯಿಸಿ ತಾನೇ ಪಂಪ್ ಮಾಡುತ್ತೆ. ಎರಡನೇ ಹೆಜ್ಜೆಯ ತಲೆನೋವು ಪೂರ್ತಿ ಮಾಯ ಅಲ್ವಾ? ಸ್ವಲ್ಪ ನಿಲ್ಲಿ, ಲೆಕ್ಕ ಹಾಕೋಣ. 60 ಎಂಎಲ್ ನೀರನ್ನ 20 ಡಿಗ್ರಿಯಿಂದ 93ಕ್ಕೆ ಏರಿಸೋಕೆ 5 ವ್ಯಾಟ್-ಅವರ್ ಬೇಕೇ ಬೇಕು, ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡಿಯಲ್ಲ. 7500 ಎಂಎಎಚ್ ಬ್ಯಾಟರಿ ಅಂತ ಬರೆದಿದ್ರೆ, ಸೆಲ್ ವೋಲ್ಟೇಜ್ 3.7 ಅಂತ ಹಿಡಿದ್ರೆ 28 ವ್ಯಾಟ್-ಅವರ್ ಆಗುತ್ತೆ. ಅಂದ್ರೆ ಐದು ಕಪ್, ಚಳೀಲಿ ಇನ್ನೂ ಕಮ್ಮಿ. ಬಿಸಿನೀರು ಹಾಕಿ ಬರೀ ಪಂಪ್ ಮಾಡ್ಸಿದ್ರೆ ದಿನಗಟ್ಟಲೆ ಬರುತ್ತೆ. ಕಾರಲ್ಲಿ ಚಾರ್ಜ್ ಮಾಡ್ಕೊಳ್ಳೋರಿಗೆ ಇದು ಚಿನ್ನ. ನಾಲ್ಕು ದಿನ ಪ್ಲಗ್ಗೇ ಸಿಗದ ಕಡೆ ಹೋಗೋರಿಗೆ ಮುಕ್ಕಾಲು ಕೆಜಿ ಕಲ್ಲು. ಮತ್ತೆ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲೋಕೆ ಶುರುವಾಗುತ್ತೆ, ಕೈ ಪಂಪಿನ ರಬ್ಬರ್ ರಿಂಗ್ ಬದಲಾಯಿಸಿದ್ರೆ ಹೊಸದೇ ಆಗುತ್ತೆ, ಇದನ್ನೂ ತೂಗಿ ನೋಡಿ.

ಕ್ಯಾಪ್ಸೂಲ್ ಹಾಕೋ ಮಾಡೆಲ್ಲೂ ಇವೆ. ನೆಸ್ಪ್ರೆಸ್ಸೊ ಒರಿಜಿನಲ್ ಕ್ಯಾಪ್ಸೂಲಲ್ಲಿ ಐದಾರು ಗ್ರಾಂ ಪುಡಿ ಇರುತ್ತೆ, ಚಿಕ್ಕ ಶಾಟ್, ಗಲೀಜಿಲ್ಲ, ಗ್ರೈಂಡರ್ ಬೇಡ. ಅದೇ ಕಂಪನಿಯ ವರ್ಟುವೊ ಕ್ಯಾಪ್ಸೂಲ್ ಇದಕ್ಕೆ ಕೂರಲ್ಲ, ಗೊತ್ತಿಲ್ದೆ ಡಬ್ಬಿಗಟ್ಟಲೆ ಹೊತ್ಕೊಂಡು ಹೋಗ್ಬೇಡಿ. ಆಫೀಸ್ ಕೆಲಸಕ್ಕೆ ಒಂದು ರಾತ್ರಿ ಎರಡು ರಾತ್ರಿ ಹೋಗ್ಬರೋರಿಗೆ ನಾನು ಕ್ಯಾಪ್ಸೂಲೇ ಹೇಳೋದು, ಇದನ್ನ ಕೇಳಿ ಕಾಫಿ ಹುಚ್ಚಿರೋ ಸ್ನೇಹಿತರು ನನ್ನ ಮೇಲೆ ಮುನಿಸ್ಕೊಂಡಿದಾರೆ, ಪರವಾಗಿಲ್ಲ.

ಹೆಜ್ಜೆ 5: ಜೊತೆಗಿರೋ ಸಣ್ಣಪುಟ್ಟ ಸಾಮಾನು

0.1 ಗ್ರಾಂ ತೋರಿಸೋ ಅಂಗೈ ಅಗಲದ ತಕ್ಕಡಿ ಇರ್ಲಿ. ಅದೂ ಭಾರ ಅನ್ಸಿದ್ರೆ ಹೊರಡೋ ಹಿಂದಿನ ರಾತ್ರಿ ಬೀಜಾನ 18-18 ಗ್ರಾಂ ತೂಗಿ ಮುಚ್ಚಳ ಇರೋ ಚಿಕ್ಕ ಟ್ಯೂಬುಗಳಲ್ಲಿ ತುಂಬ್ಕೊಳ್ಳಿ, ದಿನಕ್ಕೆರಡು ಟ್ಯೂಬ್ ಲೆಕ್ಕ. ಬೀಜ ಹುರಿದು ಒಂದೆರಡು ವಾರ ಆಗಿರೋದು ಒಳ್ಳೇದು, ನಿನ್ನೆ ಮೊನ್ನೆ ಹುರಿದಿದ್ದಾದ್ರೆ ಒಳಗಿನ ಗ್ಯಾಸಿಗೆ ನೊರೆ ಜಾಸ್ತಿ ಬಂದು ಶಾಟ್ ಅಂಕೆಗೆ ಸಿಗಲ್ಲ.

ಪುಡಿ ಗಂಟು ಬಿಡಿಸೋಕೆ ಸೂಜೀಲಿ ಕಲಕೋ ಟೂಲ್ ಬೇಕು, ಕೊಳ್ಳೋದೇ ಬೇಡ, ಒಂದು ಬಾಟ್ಲಿ ಕಾರ್ಕಿಗೆ ನಾಲ್ಕು ಸಣ್ಣ ಸೂಜಿ ಚುಚ್ಚಿದ್ರೆ ಆಯ್ತು (ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈ ಬ್ಯಾಗಲ್ಲಿ ಸೂಜಿ ವಿವರಿಸ್ತಾ ನಿಲ್ಲೋದು ಯಾಕೆ). ಟ್ಯಾಂಪರ್ (ಪುಡಿ ಒತ್ತಿ ಕೂರಿಸೋದು) ಮೆಷಿನ್ ಜೊತೆ ಬಂದಿರೋದೇ ಸಾಕು, ಬಾಸ್ಕೆಟ್ಟಿಗೆ ಸಡಿಲ ಇಲ್ದೆ ಕೂರುತ್ತಾ ಅಷ್ಟು ನೋಡಿ. ಒಂದು ಹಳೇ ಕಾಟನ್ ಬಟ್ಟೆ. ಕಪ್, ಗಾಜಿಂದಲ್ಲ.

ಹೆಜ್ಜೆ 6: ಬ್ಯಾಗ್ ಮತ್ತು ವಿಮಾನ

ಲಿಥಿಯಂ ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ರೆ ಸಾಮಾನ್ಯವಾಗಿ ಕೈ ಬ್ಯಾಗಲ್ಲಿ ತಗೊಂಡು ಹೋಗಬಹುದು, 100ರಿಂದ 160ರ ನಡುವೆ ಇದ್ರೆ ಏರ್‌ಲೈನ್ ಒಪ್ಪಿಗೆ ಬೇಕು. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಚೆಕ್-ಇನ್ ಲಗೇಜಿಗೆ ಹಾಕೋ ಹಾಗಿಲ್ಲ. ನೀರು ಕಾಯಿಸೋ ಬ್ಯಾಟರಿ ಮೆಷಿನ್ ಬಗ್ಗೆ ಒಂದೊಂದು ಏರ್‌ಲೈನ್ ಒಂದೊಂದು ಥರ ಹೇಳಬಹುದು, ಟಿಕೆಟ್ ಮಾಡಿಸೋವಾಗ್ಲೇ ಕೇಳ್ಕೊಳ್ಳಿ. ಕ್ಯಾಂಪ್ ಸ್ಟವ್ವಿನ ಗ್ಯಾಸ್ ಡಬ್ಬಿ ಎರಡು ಬ್ಯಾಗಲ್ಲೂ ನಡಿಯಲ್ಲ, ತಲುಪಿದ ಮೇಲೇ ಕೊಳ್ಬೇಕು. ಅಮೆರಿಕಕ್ಕೆ ಹೋಗೋ ವಿಮಾನಗಳಲ್ಲಿ 350 ಎಂಎಲ್‌ಗಿಂತ ಜಾಸ್ತಿ ಪುಡಿ ಕೈ ಬ್ಯಾಗಲ್ಲಿ ಇದ್ರೆ ಬಿಚ್ಚಿಸಿ ನೋಡ್ತಾರೆ, ಬೀಜವೇ ವಾಸಿ.

ಲೋಹದ ಸಿಲಿಂಡರ್, ಪಕ್ಕದಲ್ಲಿ ಹ್ಯಾಂಡಲ್, ಇನ್ನೊಂದು ಸಿಲಿಂಡರ್. ಸ್ಕ್ಯಾನರಲ್ಲಿ ಇದು ಹೇಗೆ ಕಾಣುತ್ತೆ ನೀವೇ ಊಹೆ ಮಾಡ್ಕೊಳ್ಳಿ. ಒಂದೇ ಚೀಲದಲ್ಲಿ ಮೇಲ್ಗಡೆ ಇಟ್ಟು, ಕೇಳಿದ ತಕ್ಷಣ ತೆಗೆದು ತೋರಿಸೋ ಹಾಗಿರ್ಲಿ. ನನ್ನ ಗ್ರೈಂಡರನ್ನ ಒಬ್ಬ ಸೆಕ್ಯೂರಿಟಿಯವರು ಮೂರು ಸಲ ತಿರುಗಿಸಿ ನೋಡಿ, ಆಮೇಲೆ ಎಷ್ಟು ಕ್ಲಿಕ್ಕಲ್ಲಿ ಇಡ್ತೀರಾ ಅಂತ ಕೇಳಿದ್ರು, ಹಿಂದಿದ್ದ ಕ್ಯೂ ಪೂರ್ತಿ ನನ್ನನ್ನ ಬೈಕೊಂಡಿರುತ್ತೆ.

ಗ್ರೈಂಡರ್ ಪ್ಯಾಕ್ ಮಾಡೋವಾಗ ಹ್ಯಾಂಡಲ್ ಬಿಚ್ಚಿ. ಸೆಟ್ಟಿಂಗ್ ನಂಬರ್ ಫೋನಲ್ಲಿ ಬರ್ಕೊಳ್ಳಿ, ಬ್ಯಾಗಲ್ಲಿ ಉಜ್ಜಾಡಿ ರಿಂಗ್ ತಿರುಗಿರುತ್ತೆ.

ಹೆಜ್ಜೆ 7: ಹೊರಡೋ ಮುಂಚೆ ಮನೇಲಿ ಹತ್ತು ಶಾಟ್

ಹೊಸ ಕಿಟ್ ಬಾಕ್ಸ್ ಸಮೇತ ಟ್ರಿಪ್ಪಿಗೆ ತಗೊಂಡು ಹೋಗ್ಬೇಡಿ. ಮನೇಲಿ, ಟ್ರಿಪ್ಪಲ್ಲಿ ಹೇಗಿರುತ್ತೋ ಹಾಗೇ ಮಾಡಿ. ಅಡುಗೆಮನೆ ಸಾಮಾನು ಮುಟ್ಟಬೇಡಿ, ಬ್ಯಾಗಲ್ಲಿ ಇರೋದಷ್ಟೇ, ಬೇಕಿದ್ರೆ ನೆಲದ ಮೇಲೆ ಕೂತು ಮಾಡಿ. ಆಗ ಗೊತ್ತಾಗುತ್ತೆ ಏನು ಬಿಟ್ಟೋಗಿದೆ ಅಂತ.

ಪಂಪ್ ಮೆಷಿನ್ನಲ್ಲಿ ನಾನು ಮಾಡೋ ರೀತಿ ಹೇಳ್ತೀನಿ. ನೀರು ಕುದಿಯೋಕೆ ಇಟ್ಟು ಅಷ್ಟರಲ್ಲಿ ಬೀಜ ಬೀಸ್ಕೋತೀನಿ. ಬಾಸ್ಕೆಟ್ ಪಕ್ಕಕ್ಕಿಟ್ಟು ಖಾಲಿ ಮೆಷಿನ್ನಿಗೆ ಕುದಿಯೋ ನೀರು ತುಂಬಿ ಅರ್ಧ ನಿಮಿಷ ಬಿಟ್ಟು ಅದನ್ನ ಕಪ್ಪಿಗೇ ಪಂಪ್ ಮಾಡ್ತೀನಿ, ಕಪ್ಪೂ ಬಿಸಿ ಆಗುತ್ತೆ. ಪುಡಿ ಹಾಕಿ, ಸೂಜೀಲಿ ತಳದವರೆಗೂ ಕಲಕಿ, ಎರಡು ಸಲ ತಟ್ಟಿ, ನೇರವಾಗಿ ಒತ್ತಿ, ಬಿಗಿಯಾಗಿ ಮುಚ್ಚಿ, ಕುದಿಯೋ ನೀರು ತುಂಬಿ, ಕಪ್ಪಿನ ನೀರು ಚೆಲ್ಲಿ. ನಿಧಾನಕ್ಕೆ ಎಂಟ್ಹತ್ತು ಪಂಪ್, ಮೊದಲ್ನೇ ಹನಿ ಕಂಡ ತಕ್ಷಣ ಹತ್ತು ಸೆಕೆಂಡ್ ನಿಲ್ಲಿಸಿ, ಆಮೇಲೆ ಒಂದೇ ಲಯದಲ್ಲಿ ಒತ್ತುತ್ತಾ ಹೋಗಿ. ಮೊದಲು ಕಪ್ಪಗೆ, ಆಮೇಲೆ ಹುಲಿ ಚರ್ಮದ ಥರ ಪಟ್ಟೆ ಪಟ್ಟೆ, ಕೊನೆಗೆ ಹೊಂಬಣ್ಣ. ಹೊಂಬಣ್ಣ ತೆಳುವಾಗಿ ಬಿಳಿಚಿಕೊಳ್ಳೋಕೆ ಶುರುವಾದ್ರೆ ನಿಲ್ಲಿಸಿ, ತಕ್ಕಡಿ ನೋಡಿದ್ರೆ 36 ಗ್ರಾಂ ಆಸುಪಾಸು ಇರುತ್ತೆ.

ಹುಳಿ ಇದ್ದು ಬೇಗ ಇಳಿದ್ರೆ ಒಂದೆರಡು ಕ್ಲಿಕ್ ನುಣ್ಣಗೆ ಮಾಡಿ. ಕಹಿ ಒಗರು ಇದ್ದು ತೊಟ್ಟಿಕ್ಕಿದ್ರೆ ಒಂದೆರಡು ಕ್ಲಿಕ್ ತರಿ ಮಾಡಿ. ಟೈಮ್ ಸರಿ ಇದ್ದೂ ಹುಳಿ ಬಂದ್ರೆ ಬಿಸಿ ಸಾಲಲಿಲ್ಲ, ಇನ್ನೊಂದು ಸಲ ಬಿಸಿನೀರು ಹಾಯಿಸಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಎಲ್ಲಾ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಏನಾಯ್ತು ಅಂತ ತಲೆಬುಡ ಗೊತ್ತಾಗಲ್ಲ.

ಇಲ್ಲೊಂದು ಎಚ್ಚರಿಕೆ, ತಮಾಷೆ ಅಲ್ಲ. ಪುಡಿ ತೀರಾ ನುಣ್ಣಗಾಗಿ ಶಾಟ್ ಸಿಕ್ಕಾಕ್ಕೊಂಡಾಗ ಒಳಗೆ ಒತ್ತಡ ಹಾಗೇ ಇರುತ್ತೆ. ಆಗ ಬಿಚ್ಚೋಕೆ ಹೋದ್ರೆ ಕುದಿಯೋ ನೀರು, ಪುಡಿ ಎಲ್ಲ ಕೈಗೆ ಮುಖಕ್ಕೆ ಹಾರುತ್ತೆ, ಜೊತೆಗಿದ್ದ ಒಬ್ಬರಿಗೆ ಹಾಗೆ ಆಗಿ ಮುಂಗೈ ಬೊಬ್ಬೆ ಬಂದಿತ್ತು. ಕಪ್ಪಿನ ಮೇಲೆ ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಬಿಡಿ, ಹನಿ ಬೀಳೋದು ನಿಂತು ಮೈ ತಣ್ಣಗಾದ್ಮೇಲೆ ಬಟ್ಟೆ ಸುತ್ತಿ, ಮುಖ ದೂರ ಇಟ್ಕೊಂಡು ನಿಧಾನಕ್ಕೆ ಸಡಿಲಿಸಿ.

ತೊಳೆಯೋದು ಮೂರು ನಿಮಿಷ. ಬಿಲ್ಲೆ ತಟ್ಟಿ ಬೀಳಿಸಿ, ಸಿಂಕಿಗಲ್ಲ, ಕಸದ ಡಬ್ಬಿಗೆ. ಬರೀ ನೀರು ಹಾಕಿ ಎರಡು ಸಲ ಪಂಪ್ ಮಾಡಿ. ಗ್ರೈಂಡರಿಗೆ ನೀರು ತಾಗಿಸ್ಬೇಡಿ, ಬ್ರಷ್ ಸಾಕು. ರಬ್ಬರ್ ರಿಂಗ್ ಒಣಗಿದ ಹಾಗೆ ಕಂಡ್ರೆ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ಒಂದು ಚೂರು ಸವರಿ, ಮಾಡೆಲ್ಲಿಗೆ ಸರಿಹೊಂದೋ ಒಂದು ಸ್ಪೇರ್ ರಿಂಗ್ ಕೇಸಲ್ಲಿ ಇಟ್ಕೊಳ್ಳಿ, ಅದು ಹರಿದ್ರೆ ದೂರದೂರಲ್ಲಿ ಸಿಗೋ ಸಾಮಾನಲ್ಲ. ಮತ್ತೆ ಒದ್ದೆ ಮೆಷಿನ್ ಕೇಸಿಗೆ ಹಾಕಿ ಮುಚ್ಚಿ ಮನೆಗೆ ಬಂದು ಎರಡು ವಾರ ಮರ್ತುಬಿಟ್ರೆ ಒಳಗೆ ಬೂಸ್ಟು ಹಿಡಿದಿರುತ್ತೆ, ಆ ವಾಸನೆ ಹೋಗ್ಸೋಕೆ ನಾನು ಮೂರು ದಿನ ಒದ್ದಾಡಿದೀನಿ. ಊರಿಂದ ಬಂದ ತಕ್ಷಣ ಬಟ್ಟೆ ಬ್ಯಾಗ್ ಆಮೇಲೆ ಬಿಚ್ಚಿ, ಮೊದಲು ಇದನ್ನ ಬಿಚ್ಚಿ ಪಾರ್ಟ್ ಪಾರ್ಟಾಗಿ ಬಟ್ಟೆ ಮೇಲೆ ಹರಡಿ ಒಣಗೋಕೆ ಬಿಡಿ.